ಒಂದು ವಾರ ಮುಂದಕ್ಕೆ

ಮನಿಲಾದಿಂದ ದೂರದ ಗಿಮರಾಸ್ ದ್ವೀಪದ ಶಾಲೆಯಲ್ಲಿ ರೊಸೆಂಡಾ ಮೂರನೇ ತರಗತಿಗೆ ಇಂಗ್ಲಿಷ್ ಟೀಚರು. ಗಂಡ ಎಲಿಸಿಯೊ ಸರಕು ಹಡಗೊಂದರ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ. ಅವನು ಹಡಗು ಹತ್ತಿದಾಗ ಅವಳು ಬಸುರಿ. ಈಗ ಮಗಳು ಮೆರಿಸ್ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಅಪ್ಪ ಮಾತ್ರ ಅವಳನ್ನು ಒಂದು ಸಲವೂ ಎತ್ತಿಕೊಂಡಿರಲಿಲ್ಲ.

ಹಡಗು ಇಪ್ಪತ್ತೊಂದರ ಶುಕ್ರವಾರ ಬತಂಗಾಸ್ ಬಂದರಿನಲ್ಲಿ ಒಂದು ಹಗಲು ನಿಲ್ಲುತ್ತದೆ, ಮನೆಯವರು ಗೇಟಿನ ಬಳಿ ಬಂದು ನೋಡಬಹುದು ಎಂದು ಕಂಪನಿಯವರು ತಿಳಿಸಿದ್ದರು. ಕೆಲವು ದಿನ ಬಿಟ್ಟು ಇನ್ನೊಂದು ಸುದ್ದಿ ಬಂತು: ಬರುವ ದಿನ ಒಂದು ವಾರ ‘ಮೂವ್ಡ್ ಫಾರ್ವರ್ಡ್’ ಆಗಿದೆ. ಫಾರ್ವರ್ಡ್ ಅಂದರೆ ಮುಂದೆ. ಹಡಗು ಬರುವುದು ಮುಂದಕ್ಕೆ ಹೋಯಿತು ಎಂದುಕೊಂಡಳು ರೊಸೆಂಡಾ. ಇನ್ನೂ ಒಂದು ವಾರ ಕಾಯಬೇಕಲ್ಲ ಎಂದು ಸುಸ್ತೆನಿಸಿತು. ಶಾಲೆಯಲ್ಲಿ ರಜೆಯನ್ನು ಇಪ್ಪತ್ತೆಂಟಕ್ಕೆ ಬದಲಾಯಿಸಿಕೊಂಡಳು.

ಹದಿನಾಲ್ಕನೇ ತಾರೀಖು ಬೆಳಿಗ್ಗೆ ಮಗುವಿಗೆ ಗಂಜಿ ತಿನ್ನಿಸುತ್ತಿದ್ದಾಗ ಎಲಿಸಿಯೊನ ಫೋನ್ ಬಂತು. ಅವಳನ್ನು ಅವನು ಮುದ್ದಿನಿಂದ ಕರೆಯುವುದು ಇಂದಾಯ್ ಎಂದು.

“ಇಂದಾಯ್, ಎಲ್ಲಿದ್ದೀಯ? ಗೇಟಿನ ಹತ್ರ ಎಲ್ಲರ ಮನೆಯವ್ರೂ ಬಂದಿದಾರೆ. ನೀನೇ ಕಾಣ್ತಿಲ್ಲ.”

ಆ ‘ಫಾರ್ವರ್ಡ್’ ಅಂದರೆ ಒಂದು ವಾರ ಮೊದಲೇ ಎಂದು ರೊಸೆಂಡಾಗೆ ಆಗ ಹೊಳೆಯಿತು. ಅಡುಗೆಮನೆಯಲ್ಲಿದ್ದೇನೆ ಎಂದಳು. ಸಂಜೆ ಆರಕ್ಕೆ ಹಡಗು ಹೊರಡುತ್ತದೆ, ಮತ್ತೆ ಈ ಕಡೆ ಬರುವುದಿಲ್ಲ ಎಂದ ಅವನು.

ಎಲ್ಲ ಕೇಳಿಸಿಕೊಂಡ ಅತ್ತೆ ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುರುಕುತ್ತಾ, “ಊರ ಮಕ್ಕಳಿಗೆಲ್ಲ ಇಂಗ್ಲಿಷ್ ಕಲಿಸೋಳು ನೀನೇ ಅಲ್ವಾ?” ಎಂದರು. ರೊಸೆಂಡಾ ಚೀಲ ಕಸಿದುಕೊಂಡು ಮಗುವನ್ನು ಎತ್ತಿಕೊಂಡಳು.

ದೋಣಿಯಲ್ಲಿ ಎದುರು ದಡದ ಇಲೊಯ್ಲೊಗೆ ದಾಟಿ ವಿಮಾನ ನಿಲ್ದಾಣಕ್ಕೆ ಓಡಿದಳು. ಮನಿಲಾಗೆ ಹೋಗುವ ಮಧ್ಯಾಹ್ನದ ವಿಮಾನದಲ್ಲಿ ಒಂದು ಸೀಟು ಸಿಕ್ಕಿತು. ಮೆರಿಸ್‌ಗೆ ಹಲ್ಲು ಬರುತ್ತಿದ್ದ ಕಾಲ. ವಿಮಾನದಲ್ಲೂ ಅತ್ತಳು, ಮನಿಲಾದಲ್ಲಿ ಇಳಿದು ಹತ್ತಿದ ಬಸ್ಸಿನಲ್ಲೂ ಅತ್ತಳು. ದಾರಿಯಲ್ಲಿ ವಾಹನಗಳು ಇರುವೆಗಳಂತೆ ತೆವಳುತ್ತಿದ್ದವು. ಬತಂಗಾಸ್ ಹತ್ತಿರವಾಗುವಾಗ ಅತ್ತು ಅತ್ತು ಸೋತ ಮಗು ಅಮ್ಮನ ಭುಜದ ಮೇಲೆ ನಿದ್ದೆ ಹೋಯಿತು.

ಬಂದರಿನ ಗೇಟು ತಲುಪಿದಾಗ ಐದೂವರೆ ದಾಟಿತ್ತು. ಉಳಿದವರ ಮನೆಯವರೆಲ್ಲ ಹೊರಟುಹೋಗಿದ್ದರು. ಕೆಲಸದ ಬಟ್ಟೆಯಲ್ಲೇ ಎಲಿಸಿಯೊ ಒಬ್ಬನೇ ಕಟ್ಟೆಯ ಮೇಲೆ ಕೂತಿದ್ದ. ಬಡವಾಗಿದ್ದ. ಎದ್ದು ಬಂದು ಮಗುವನ್ನು ಮೆಲ್ಲಗೆ ತೆಗೆದುಕೊಂಡ.

“ಎಬ್ಬಿಸ್ಲಾ?” ಎಂದಳು.

“ಬೇಡ. ಎಚ್ಚರ ಆದ್ರೆ ನನ್ನ ಮುಖ ನೋಡಿ ಅಳ್ತಾಳೆ. ಆಮೇಲೆ ಹಡಗಲ್ಲಿ ನಂಗೆ ಆ ಅಳುನೇ ನೆನಪಾಗ್ತಿರುತ್ತೆ.”

ಇಬ್ಬರೂ ಕಟ್ಟೆಯ ಮೇಲೆ ಕೂತರು. ಹೇಳಬೇಕೆಂದು ಅವಳು ತಿಂಗಳುಗಟ್ಟಲೆ ಎಷ್ಟೋ ಮಾತುಗಳನ್ನು ಕೂಡಿಟ್ಟುಕೊಂಡಿದ್ದಳು. ಆ ಸುದ್ದಿ ಓದಿ ತಾನು ಹೇಗೆ ತಪ್ಪು ತಿಳಿದೆ ಎಂಬುದನ್ನಷ್ಟೇ ಹೇಳಿದಳು.

“ನಂಗೂ ಗೊತ್ತಾಗಿರ್ಲಿಲ್ಲ,” ಎಂದ ಅವನು. “ಇಪ್ಪತ್ತೆಂಟಕ್ಕೆ ಅಂತ್ಲೇ ಇದ್ದೆ. ಇವತ್ತು ಬೆಳಿಗ್ಗೆ ದಡ ಕಂಡಾಗ್ಲೇ ಗೊತ್ತಾಗಿದ್ದು. ನಾನು ಎಂಜಿನ್ ಒರೆಸೋನು, ನೀನು ಟೀಚರ್, ನಿಂಗೆ ಅರ್ಥ ಆಗಿರುತ್ತೆ ಅಂದ್ಕೊಂಡೆ.”

ರೊಸೆಂಡಾಗೆ ನಗು ಬಂತು. ನಗುತ್ತಿದ್ದಂತೆಯೇ ಕಣ್ಣು ತುಂಬಿಕೊಂಡಿತು. ಅವನು ಮಗುವಿನ ಬೆವೆತ ನೆತ್ತಿಯನ್ನು ಊದುತ್ತಾ ಕೂತ. ಗೇಟಿನವನು ಕರೆದಾಗ ಮಗುವನ್ನು ಅವಳ ಮಡಿಲಿಗಿಟ್ಟು ಎದ್ದ. ಅವನ ಕೆಲಸದ ಒಪ್ಪಂದ ಮುಗಿಯಲು ಇನ್ನೂ ನಾಲ್ಕು ತಿಂಗಳಿತ್ತು.

ಮನಿಲಾಗೆ ಮರಳುವ ಬಸ್ಸಿನಲ್ಲಿ ಮೆರಿಸ್ ಎಚ್ಚರಗೊಂಡು ಆಟ ಶುರುಮಾಡಿದಳು. ಪಕ್ಕದ ಸೀಟಿನ ಹೆಂಗಸು ಕೈ ಚಾಚಿ ಅವಳನ್ನು ಎತ್ತಿಕೊಂಡಳು. ರೊಸೆಂಡಾ ಬೇಡವೆನ್ನಲಿಲ್ಲ. ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು.