ಪದವಿಲ್ಲದ ಕಡೆ

ಕಾಲೇಜಿನ ಹಳೇ ಸೈಕಲ್ ಸ್ಟ್ಯಾಂಡಿಗೆ ಗೋಡೆ ಕಟ್ಟಿಸಿ, ಒಳಗೆಲ್ಲ ಕಂಬಳಿ ಹೊಡೆಸಿ ಮಾಡಿದ್ದ ರೇಡಿಯೋ ಸ್ಟೇಷನ್ನಿನಲ್ಲಿ ಮಧುಶ್ರೀಯ ಪಾಲಿಗೆ ಬಂದದ್ದು ಗುರುವಾರ ಸಂಜೆಯ ಅರ್ಧ ಗಂಟೆ. ಕಾರ್ಯಕ್ರಮದ ಹೆಸರು ‘ಹೊಸ ದನಿ’. ಸಿನಿಮಾ ಹಾಡಿಲ್ಲ, ಕಂಪನಿಯ ಹಾಡಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯ ಹುಡುಗರು ತಾವೇ ಬರೆದು, ತಾವೇ ಹಾಡಿ, ಮೊಬೈಲಿನಲ್ಲಿ ಹಿಡಿದು ಕಳಿಸಿದ ಹಾಡುಗಳು ಮಾತ್ರ. ಅಂಥವಕ್ಕೆ ಇಂಡಿ ಅನ್ನುತ್ತಾರೆಂದು ಅವಳಿಗೆ ಗೊತ್ತಾದದ್ದೇ ಅಲ್ಲಿಗೆ ಸೇರಿದ ಮೇಲೆ. ಬಂದವುಗಳಲ್ಲಿ ಮುಕ್ಕಾಲು ಪಾಲು ಕೈಕೊಟ್ಟ ಹುಡುಗಿಯ ಮೇಲೆ, ಉಳಿದದ್ದು ಬೈಕಿನ ಮೇಲೆ. ಅವಳು ಯಾವುದನ್ನೂ ಅರ್ಧಕ್ಕೆ ನಿಲ್ಲಿಸುತ್ತಿರಲಿಲ್ಲ. ಹಣೆಯ ವಿಭೂತಿ ಬೆವರಿನಲ್ಲಿ ಕರಗುವವರೆಗೂ ಕಣ್ಣುಮುಚ್ಚಿ ಕೇಳಿ, ವಾರಕ್ಕೊಂದನ್ನು ಆರಿಸಿ, ಅದರ ಮೇಲೆ ನಾಲ್ಕು ಪುಟ ಬರೆಯುತ್ತಿದ್ದಳು.

ಕೇಳುವುದು ಅವಳಿಗೆ ಮನೆಯಿಂದ ಬಂದ ವ್ರತ. ಕೆ.ಆರ್. ನಗರದ ಮಠದಲ್ಲಿ ಶ್ರಾವಣ ಪೂರ್ತಿ ಅವಳ ತಾತ ಪುಟ್ಟಮಲ್ಲಪ್ಪ ಪುರಾಣದ ಪದ್ಯ ಹಾಡುತ್ತಿದ್ದ. ಒಂದು ಪದ್ಯ ಮುಗಿದರೆ ತಾತ ಬಾಯಿ ಮುಚ್ಚಿ ಗಂಟಲಲ್ಲೇ ಶ್ರುತಿ ಹಿಡಿದಿರುವನು. ಅಷ್ಟರಲ್ಲಿ ಪಕ್ಕದಲ್ಲಿ ಕೂತ ವೀರಭದ್ರಸ್ವಾಮಿ ಮೇಷ್ಟರು ಅರ್ಥ ಹೇಳುವರು. ಆಮೇಲೆ ಮುಂದಿನ ಪದ್ಯ. ಅರ್ಥ ಹೇಳದೆ ಮುಂದಕ್ಕೆ ಹೋದರೆ ಎಲೆ ಹಾಸಿ ಬಡಿಸದೆ ಎಬ್ಬಿಸಿದ ಹಾಗೆ ಎಂದು ಅಜ್ಜಿಯ ತೊಡೆಯ ಮೇಲೆ ಕೂತು ಕೇಳುತ್ತಿದ್ದ ಮಗುವಿಗೆ ಆಗಲೇ ಮನಸ್ಸಿನಲ್ಲಿ ಕೂತುಹೋಗಿತ್ತು. ‘ಹೊಸ ದನಿ’ಯನ್ನೂ ಅವಳು ಹಾಗೆಯೇ ಕಟ್ಟಿದ್ದಳು. ಒಂದು ಚರಣ ಹಾಡು, ನಿಲ್ಲಿಸಿ ಅದರ ಅರ್ಥ, ಮತ್ತೊಂದು ಚರಣ.

“ಏನಮ್ಮಾ ಸ್ವಾಮಿಗಳೇ, ಇವತ್ತಿನ ಪ್ರವಚನ ರೆಡಿನಾ?” ಎಂದು ಯಂತ್ರದ ಮುಂದೆ ಕೂರುವ ಕಾಂತರಾಜು ಪ್ರತಿ ವಾರ ಕೆಣಕುವನು. ಅವಳ ಕ್ಲಾಸಿನವನೇ. “ಹಾಡು ಬರ್ದೋನಿಗೇ ಗೊತ್ತಿರಲ್ಲ, ಅಷ್ಟು ಅರ್ಥ ಹೇಳ್ಬುಡ್ತೀಯಲ್ಲ.”

ಅವಳು ನಕ್ಕು ಕಿವಿಗೆ ಹೆಡ್‌ಫೋನು ಹಾಕಿಕೊಳ್ಳುವಳು.

ಮಾಗಿ ಕಳೆದ ಮೇಲೆ ಶರತ್ ಎಂಬವನಿಂದ ಒಂದು ಹಾಡು ಬಂತು. ಗುರುಪುರದ ಆಚೆಯ ಊರು, ಸ್ಟೇಷನ್ನಿನ ಅಲೆ ಕಷ್ಟಪಟ್ಟು ಮುಟ್ಟುವ ಕೊನೆ. ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದಮಾಡುವ ಬ್ಯಾರನ್ ಮನೆ ಖಾಲಿಯಿರುವ ಕಾಲ. ಆ ಕಿಟಕಿಯಿಲ್ಲದ ಎತ್ತರದ ಗೋಡೆಗಳ ನಡುವೆ ಒಬ್ಬನೇ ಗಿಟಾರು ಹಿಡಿದು ಕೂತು ಹಾಡಿದ್ದ.

‘ಅಪ್ಪನ ಕೈಯ ಕಪ್ಪು ಅಂಟು
ಸೋಪಿಗೂ ಹೋಗದು, ನೀರಿಗೂ ಹೋಗದು.
ನನ್ನ ತಲೆಯ ಮುಟ್ಟದ ಕೈ
ಬೆಂಕಿಯ ತಲೆ ನೇವರಿಸಿತು.’

ಇಂಥ ಮೂರು ಚರಣ. ನಡುನಡುವೆ ಪದವಿಲ್ಲದ ಒಂದು ಗುನುಗು, ಉದ್ದಕ್ಕೆ. ಬ್ಯಾರನ್ನಿನ ಗೋಡೆ ಅದನ್ನು ತಿರುಗಿಸಿ ತಿರುಗಿಸಿ ಕೊಡುತ್ತಿತ್ತು. ಮಧುಶ್ರೀ ಅದನ್ನು ಮತ್ತೆ ಮೊದಲಿಂದ ಹಾಕಿಕೊಂಡು ಕೇಳಿದಳು. ಇಷ್ಟು ದಿನ ಹುಡುಕುತ್ತಿದ್ದದ್ದು ಇದನ್ನೇ ಅನ್ನಿಸಿತು.

ಫೋನು ಮಾಡಿದಾಗ ಶರತ್ ಕೇಳಿದ್ದು ಒಂದೇ. “ಪೂರ್ತಿ ಹಾಕ್ತೀರಾ ಮೇಡಂ? ನಮ್ಮಪ್ಪ ಕೇಳ್ಬೇಕು. ಅವ್ವ ಹೋದ್ಮೇಲೆ ನಾನೂ ಅವ್ರೂ ಸರಿಯಾಗಿ ಮಾತಾಡಿಲ್ಲ. ಎದುರ್ಗೆ ಹಾಡಿದ್ರೆ ಎದ್ದೋಯ್ತಾರೆ. ರೇಡಿಯೋದಲ್ಲಿ ಬಂದ್ರೆ ಕುಂತ್ಕಂಡು ಕೇಳ್ತಾರೆ. ರೇಡಿಯೋ ಅಂದ್ರೆ ಅವ್ರಿಗೆ ಭಾಳ ಮರ್ಯಾದೆ ಕಣ್ರೀ.”

“ಒಂದು ಸಾಲೂ ಬಿಡಲ್ಲ,” ಎಂದಳು.

ಬಿಡಲೂ ಇಲ್ಲ. ಮೂರು ಚರಣವನ್ನೂ ಇಟ್ಟಳು. ಗುನುಗು ಶುರುವಾಗುವ ಕಡೆ ಹಾಡಿನ ದನಿ ಇಳಿಸಿ, ಅದರ ಮೇಲೆ ತನ್ನ ಮಾತು ಕೂರಿಸಿದಳು. ತಾತನ ಗಂಟಲ ಶ್ರುತಿಯ ಮೇಲೆ ಮೇಷ್ಟರ ಮಾತು ಕೂರುತ್ತಿದ್ದದ್ದೂ ಹೀಗೇ ಅಲ್ಲವೇ?

“ಆ ಗುನುಗು ಚೆನ್ನಾಗೈತಲ್ಲ ಮಧು, ಯಾಕೆ ಮುಚ್ತೀಯಾ?” ಅಂದ ಕಾಂತರಾಜು.

“ಅಲ್ಲಿ ಪದವೇ ಇಲ್ಲವಲ್ಲೋ. ಅರ್ಥ ಹೇಳೋಕೆ ಅಂತಲೇ ಜಾಗ ಬಿಟ್ಟಿದಾನೆ.”

ಗುರುವಾರ ಸಂಜೆ ಅವಳ ದನಿ ಎಂದಿಗಿಂತ ತಿಳಿಯಾಗಿತ್ತು. ‘ಇಲ್ಲಿ ಮಗ ತಂದೆಯನ್ನು ಪ್ರಶ್ನಿಸುತ್ತಿದ್ದಾನೆ. ಮಗನಿಗಿಂತ ಬೆಳೆಯನ್ನೇ ಹೆಚ್ಚು ಹಚ್ಚಿಕೊಂಡ ತಂದೆಯ ಮೇಲೆ ಈ ಕವಿಯ ದೂರು...’ ಮುಗಿದ ಮೇಲೆ ಕನ್ನಡ ಮೇಡಂ ಫೋನು ಮಾಡಿ, ಕಣ್ಣಲ್ಲಿ ನೀರು ಬಂತು ಕಣೆ ಅಂದರು. ಮಧುಶ್ರೀ ಆ ದಿನ ಪೂಜೆಗೆ ಕೂತು ಶಿವನಿಗೆ ಕೈ ಮುಗಿದಳು.

ಮಾರನೆಯ ದಿನ ಶರತ್ ಫೋನು ಮಾಡಿದ. ಅವನು ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿಯಿತ್ತು.

“ಅಪ್ಪ ರೇಡಿಯೋನ ಮೋಟುಗೋಡೆ ಮೇಲಿಟ್ಕಂಡು ಪಕ್ಕದಲ್ಲೇ ಕುಂತಿದ್ರು ಮೇಡಂ. ಮೊದಲನೇದು ಮುಗೀತು. ಗುನುಗು ಶುರುವಾಯ್ತು, ತಲೆ ಎತ್ತಿದ್ರು. ಅಷ್ಟರಲ್ಲಿ ನೀವು ಬಂದ್ರಿ. ದೂರು ಅಂದ್ರಿ. ‘ಇಡೀ ತಾಲೂಕಿಗೇ ನನ್ ಮ್ಯಾಲೆ ದೂರು ಕೊಟ್ಯೇನ್ಲಾ’ ಅಂತ ಆಫ್ ಮಾಡ್ಬುಟ್ರು.”

“ಅದು... ನಾನು ಪದ್ಯದ ಅರ್ಥ...”

“ಪದ್ಯ ಸುಮ್ನೆ ಮೇಡಂ. ಆ ಗುನುಗು ನಮ್ಮವ್ವಂದು. ಬ್ಯಾರನ್ ಬೆಂಕಿ ಮುಂದೆ ನಿದ್ದೆ ಬರ್ದೇ ಇರ್ಲಿ ಅಂತ ಅವ್ವ ಗುನುಗ್ತಿತ್ತು, ಅಪ್ಪ ಪಕ್ಕದಲ್ಲಿರೋರು. ಅದೊಂದು ಕೇಳ್ಲಿ ಅಂತಲೇ ಅಲ್ವಾ ನಾನು ಪೂರ್ತಿ ಹಾಕಿ ಅಂದಿದ್ದು? ಹೋಗ್ಲಿ ಬುಡಿ. ಹಾಡು ಅಳಿಸ್ಬುಟ್ಟೆ. ಕೊಡಗಿನ ಎಸ್ಟೇಟ್‌ಗೆ ಹೊರ್ಟಿದೀನಿ.”

ಅವಳು ಸ್ಟೇಷನ್ನಿಗೆ ಓಡಿದಳು. ಅವನು ಕಳಿಸಿದ್ದು ಬರೀ ಲಿಂಕು; ಮೂಲದಲ್ಲೇ ಹಾಡು ಅಳಿಸಿದ್ದರಿಂದ ಅವಳ ಫೋನಿನಲ್ಲೂ ಅದು ತೆರೆಯಲಿಲ್ಲ. ಸ್ಟೇಷನ್ನಿನ ಕಂಪ್ಯೂಟರಿನಲ್ಲಿ ಜಾಗ ಕಮ್ಮಿ. ಕಾರ್ಯಕ್ರಮ ಸಿದ್ಧವಾದ ಮೇಲೆ ಬರೀ ಹಾಡನ್ನು ತೆಗೆದುಹಾಕುವುದು ಅಲ್ಲಿಯ ರೂಢಿ. ಉಳಿದದ್ದು ಅವಳ ಅರ್ಧ ಗಂಟೆ ಮಾತ್ರ. ಕಾಂತರಾಜು ಸಂಜೆಯವರೆಗೂ ಕೂತು ಅವಳ ಮಾತನ್ನು ಕತ್ತರಿಸಿ ತೆಗೆದು ನೋಡಿದ. ಮಾತು ಹೋದ ಕಡೆಯಲ್ಲೆಲ್ಲ ಗುನುಗೂ ಹೋಯಿತು.

“ಎರಡೂ ಅಂಟ್ಕೊಂಡ್ಬಿಟ್ಟವೆ ಕಣೆ,” ಎಂದ. ಅವತ್ತು ಕೆಣಕಲಿಲ್ಲ.

ಭಾನುವಾರ ಅವಳು ಗುರುಪುರದ ಬಸ್ಸು ಹತ್ತಿದಳು. ಅಲ್ಲಿ ನೆಲೆಸಿರುವ ಟಿಬೆಟಿನವರ ಜೋಳದ ಹೊಲ ದಾಟಿ, ಕೇಳಿಕೊಂಡು ಹೋಗಿ ಮನೆ ಮುಟ್ಟಿದಳು. ಶರತ್ ಹೊರಟುಹೋಗಿದ್ದ; ಅವಳ ಫೋನನ್ನೂ ಎತ್ತುತ್ತಿರಲಿಲ್ಲ. ಅವನ ಅಪ್ಪ ಚಿಕ್ಕಣ್ಣ ಬ್ಯಾರನ್ನಿನ ನೆರಳಲ್ಲಿ ಕೂತು, ಹೊಗೆಸೊಪ್ಪಿನ ಸಸಿ ಬೆಳೆಸುವ ಟ್ರೇಗಳಿಗೆ ತೆಂಗಿನ ನಾರಿನ ಪುಡಿ ತುಂಬುತ್ತಿದ್ದ.

“ರೇಡಿಯೋ ಉಡ್ಗೀನಾ? ಬನ್ನಿ, ಕುತ್ಕಳಿ. ಚೆನ್ನಾಗ್ ಮಾತಾಡ್ತೀರ ಕಣವ್ವ.” ಅದರಲ್ಲಿ ಕೊಂಕಿರಲಿಲ್ಲ.

“ನಾನು ಹೇಳಿದ್ದು ತಪ್ಪು ಯಜಮಾನ್ರೇ. ಅದು ದೂರಲ್ಲ. ಹಾಡು ಬೇರೆಯೇ ಇತ್ತು.”

“ನೀವೇ ಎಲ್ಲಾ ಬುಡ್ಸಿ ಏಳಿದ್ರಲ್ಲ. ಇನ್ನೇನೈತೆ ಕೇಳಾಕೆ?”

“ನಡುವೆ ಗುನುಗಿತ್ತು. ಅದು ನಿಮ್ಮ ಮನೆಯವರದಂತೆ. ಬೆಂಕಿ ಮುಂದೆ ಗುನುಗ್ತಿದ್ರಂತಲ್ಲ.”

ಚಿಕ್ಕಣ್ಣನ ಕೈ ಪುಡಿಯಲ್ಲೇ ನಿಂತಿತು. ಸೊಪ್ಪಿನ ಕೆಲಸ ಮುಗಿದು ಎಷ್ಟೋ ದಿನವಾಗಿದ್ದರೂ ಬೆರಳ ಸಂದಿಯಲ್ಲಿ ಕಪ್ಪು ಹಾಗೇ ಇತ್ತು.

“ಸುನಂದೀದಾ?” ಎಂದ. ಕೈ ಕೊಡವಿಕೊಂಡು, “ಎಲ್ಲಿ, ಅದ್ನ ಆಕಿ ಕೇಳ್ಸಿ.”

“ಇಲ್ಲ. ಅಳಿಸಿಹೋಗಿದೆ.”

“ನೀವು ಕೇಳಿದ್ದೀರಲ್ಲ. ಎಂಗಿತ್ತು? ಗುನುಗಿ ತೋರ್ಸಿ.”

ಮಧುಶ್ರೀ ಕಣ್ಣು ಮುಚ್ಚಿದಳು. ಆ ಹಾಡನ್ನು ಎಷ್ಟೋ ಸಲ ಕೇಳಿದ್ದಳು. ಮೂರು ಚರಣ ಅಕ್ಷರ ಬಿಡದೆ ನಾಲಿಗೆಯ ಮೇಲಿತ್ತು. ಗುನುಗು ಬಂದಾಗಲೆಲ್ಲ ಅವಳು ಮುಂದಿನ ಮಾತು ಹೊಂದಿಸಿಕೊಳ್ಳುತ್ತಿದ್ದಳು. ಬಾಯಿ ಮುಚ್ಚಿ ದನಿ ತೆಗೆದಳು. ಬಂದದ್ದು ತಾತನ ಶ್ರುತಿ.

“ಅದಲ್ಲ ಕಣವ್ವ,” ಎಂದ ಚಿಕ್ಕಣ್ಣ ಮೆತ್ತಗೆ. “ಇನ್ನೊಂದ್ಸಲ ನೋಡಿ.”

ಇನ್ನೊಂದು ಸಲ ನೋಡಿದಳು. ಅದೇ ಮಠದ ದನಿ, ಅದೇ ಶ್ರಾವಣ. ಅವನು ಮುಂದಕ್ಕೆ ಬಾಗಿ, ಬಲಗಿವಿ ಕೊಟ್ಟು ಕಾಯುತ್ತಿದ್ದ.

“ನಿಮಗೆ... ನಿಮಗೆ ನೆನಪಿಲ್ವಾ?”

“ನಾನೆಲ್ ಕೇಳಿಸ್ಕಂಡೆ? ಬೆಂಕಿ ಕಡೀಕ್ ನೋಡ್ಕಂಡು ಕುಂತಿರ್ತಿದ್ದೆ. ಅವ್ಳು ದಿನಾ ಗುನುಗ್ತಾಳೆ, ಇದ್ದೇ ಇರ್ತದೆ ಅಂದ್ಕಂಡಿದ್ದೆ. ನಮ್ ಉಡುಗ್ನೊಬ್ನೇ ಕೇಳಿಸ್ಕಂಡಿದ್ದ, ಕಾಣ್ತದೆ.”

ಪಕ್ಕದ ಮೋಟುಗೋಡೆಯ ಮೇಲೆ ರೇಡಿಯೋ ಅಲ್ಲೇ ಇತ್ತು. ಅದರ ಮೇಲೂ ನಾರಿನ ಪುಡಿ ಕೂತಿತ್ತು.

“ಬುಡವ್ವ. ಬಸ್ಸು ಒಂಟೋಯ್ತದೆ, ನೀವ್ ನಡೀರಿ,” ಎಂದು ಚಿಕ್ಕಣ್ಣ ಟ್ರೇಯನ್ನು ಹತ್ತಿರಕ್ಕೆ ಎಳೆದುಕೊಂಡು, ಒಂದೊಂದು ಗುಳಿಗೂ ಹೆಬ್ಬೆರಳು ಒತ್ತುತ್ತಾ ಹೋದ.