ಲಗ್ನಪತ್ರಿಕೆಯ ಬುಟ್ಟಿಯವಳು

ಚಂದಮ್ಮನನ್ನು ಹೆತ್ತವಳು ನನ್ನ ತಂಗಿ ತಿಮ್ಮವ್ವ. ಸಾಕಿದವಳು ನಾನು, ಶೇಖಮ್ಮ. ತಂಗಿ ಕಾಲುವೆ ತೋಡುವ ಕೆಲಸಕ್ಕೆಂದು ಭೀಮರಾಯನಗುಡಿ ಕ್ಯಾಂಪಿಗೆ ಹೋದಾಗ, ಆಗಷ್ಟೇ ಹಾಲು ಬಿಟ್ಟ ಕೂಸನ್ನು ನಮ್ಮೂರು ಕೊಂಕಲ್‌ನಲ್ಲಿ ನನ್ನ ಮಡಿಲಿಗೆ ಹಾಕಿ ಹೋದಳು. ಜ್ವರ ಬಂದರೆ ನಾನು, ಜಡೆ ಹಾಕಲು ನಾನು. ತಂಗಿ ದಸರೆಗೆ ಬಳೆ ತಂದು ಮುದ್ದಿಟ್ಟು ಹೋಗುವಳು, ಹುಡುಗಿ ವಾರಗಟ್ಟಲೆ ಆ ಬಳೆಯನ್ನೇ ಹೊಗಳುವಳು. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಈಗ ಹುಡುಗಿಯ ಮದುವೆ. ಶಹಾಪುರದ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗೆ ಗಣಪತಿ, ಕಳಸದ ಚಿತ್ರ ಎಲ್ಲ ತಯಾರಿದ್ದರೂ ಅವಳಿಗೆ ಯಾವುದೂ ಬೇಡವಾಯಿತು.

"ಕಾಲುವಿ ಬರೀರಿ. ದಂಡಿ ಮ್ಯಾಲೆ ಮಣ್ಣಿನ ಬುಟ್ಟಿ ಹೊತ್ತ ಹೆಣ್ಮಗಳು ಇರ್ಲಿ," ಎಂದಳು, ಅಲ್ಲಿ ಚಿತ್ರ ಬರೆಯುವ ಭಗವಂತರಾಯನಿಗೆ.

ನನಗೆ ಮೈಯೆಲ್ಲ ಖಾರ ಹಚ್ಚಿದಂತಾಯಿತು. "ಮಣ್ಣು ಹೊತ್ತಾಕಿ ಚಿತ್ರಕ್ಕ ಬಂದ್ಳು. ನಿನ್ನ ಕಂಕುಳಾಗ ಹೊತ್ತು ಸಾಕಿದಾಕಿ ಎಲ್ಲಿ ಹಾಳಾಗಿ ಹೋದ್ಳು?" ಎಂದೆ.

"ಸುಮ್ನಿರು ದೊಡ್ಡವ್ವ," ಎಂದು ನಕ್ಕಳು.

ದೊಡ್ಡವ್ವ. ಆ ಮಾತೇ ನನಗೆ ಆಗುವುದಿಲ್ಲ. 'ದೊಡ್ಡ' ಸೇರಿದರೆ ಅವ್ವ ದೂರವಾಗುತ್ತಾಳೆ. ಊರಿನ ಬಸ್ಸಿನಲ್ಲಿ ಅವಳ ಪಕ್ಕ ಬಿಟ್ಟು ಹಿಂದಿನ ಸೀಟಿನಲ್ಲಿ ಕೂತೆ.

ಪತ್ರಿಕೆ ಅಚ್ಚಾಗಿ ಬಂತು. ಬುಟ್ಟಿಯವಳು ಥೇಟ್ ತಿಮ್ಮವ್ವನೇ, ಹುಡುಗಿ ಹೇಳಿ ಬರೆಸಿದ ಅದೇ ಗಿಡ್ಡ ಕುತ್ತಿಗೆ. ಸಿಟ್ಟಿನಲ್ಲೇ ಕೆಳಗೆ ಓದಿದೆ. 'ತಾಯಿ: ಶ್ರೀಮತಿ ಶೇಖಮ್ಮ.' ಮತ್ತೊಮ್ಮೆ ಓದಿದೆ.

"ಆಕಿಗೆ ಓದಾಕ ಬರಂಗಿಲ್ಲ, ಚಿತ್ರ ಆಕಿಗೆ. ನಿನಗ ಬರ್ತೈತಿ, ಹೆಸರು ನಿನಗ," ಎಂದಳು ಚಂದಮ್ಮ ಮೆಲ್ಲಗೆ. "ಅವ್ವಗ ಹೇಳಬ್ಯಾಡ."

ಗೆದ್ದೆ ಅನ್ನಿಸಿತು. ಆ ಸಂಜೆ ಕ್ಯಾಂಪಿನಿಂದ ಬಂದ ತಿಮ್ಮವ್ವ ಪತ್ರಿಕೆಗಳಿಗೆ ಅರಿಶಿಣ ಹಚ್ಚಲು ಕೂತಳು. ಚಿತ್ರ ನೋಡಿ ನಕ್ಕಳು, ಆಮೇಲೆ ನನ್ನ ಕಡೆ ಸರಿದಳು.

"ಅಕ್ಕಾ, ಬುಟ್ಟಿ ಹೊತ್ತದ್ದಕ್ಕ ಕೂಲಿ ಕೊಟ್ಟಾರ, ಅದಿರ್ಲಿ. ತಾಯಿ ಅಂತ ನನ್ನ ಹೆಸರು ಎಲ್ಲೈತಿ, ತೋರ್ಸು. ಮೊದಲ ಅದಕ್ಕ ಹಚ್ಚತೀನಿ."

ಬಾಗಿಲಲ್ಲಿ ಚಂದಮ್ಮ ನಿಂತುಬಿಟ್ಟಳು. ನಿಜ ನನ್ನ ನಾಲಿಗೆಯ ತುದಿಯಲ್ಲಿತ್ತು. ಇಷ್ಟು ವರ್ಷ ಉರಿದವಳಿಗೆ ಒಂದೇ ಮಾತು ಸಾಕಿತ್ತು.

ತಂಗಿಯ ಬೆರಳು ಹಿಡಿದು ನನ್ನ ಹೆಸರಿನ ಮೇಲಿಟ್ಟೆ. "ಇಲ್ಲೈತಿ ನೋಡು."

ಅವಳು ಅದಕ್ಕೆ ಅರಿಶಿಣ ಹಚ್ಚಿ, ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡಳು. ನನ್ನ ಹೊಟ್ಟೆ ಆಗಲೂ ಉರಿಯುತ್ತಿತ್ತು. ಎರಡನೆಯ ಪತ್ರಿಕೆಯನ್ನು ನಾನೇ ಅವಳ ಮುಂದಿಟ್ಟೆ.