ಕೂಗಿದ್ದು ನಾನು

ಬೈಗುಳ ತಿಂದಿದ್ದು ನಾನು, ಹೆಸರು ಮಾತ್ರ ಸತೀಶಣ್ಣನದು. ಮೂರು ದಿನದಿಂದ ಇದೊಂದೇ ತಲೆಯಲ್ಲಿ ಕುದಿಯುತ್ತಿದೆ.

ಸತೀಶಣ್ಣ ದೊಡ್ಡಪ್ಪನ ಮಗ, ಪಕ್ಕದ ಮನೆ. ಅವನು ಗಿಟಾರ್ ಬಾರಿಸುತ್ತಾನೆ, ನಾನು ಹಾಡುತ್ತೇನೆ. ಹಾಡುವುದೆಂದರೆ ಕಿರುಚುವುದು. ಹಾರ್ಡ್‌ಕೋರ್ ಪಂಕ್ ಎಂದರೆ ಅದೇ: ಒಂದು ನಿಮಿಷದ ಹಾಡು, ಉಸಿರಿರುವಷ್ಟು ಸಿಟ್ಟು. ನಮ್ಮ ಅಟ್ಟದಲ್ಲಿ ಭತ್ತದ ಚೀಲಗಳ ನಡುವೆ ಕಂಬಳಿ ಕಟ್ಟಿ, ಭತ್ತ ಅಳೆಯುವ ಸೇರಿಗೆ ಮೊಬೈಲ್ ಒರಗಿಸಿ, ಅಮೆರಿಕದ ಹಳೆಯ ಹಾಡುಗಳನ್ನು ನಮ್ಮ ದನಿಯಲ್ಲಿ ರೆಕಾರ್ಡ್ ಮಾಡುತ್ತೇವೆ. ಬಿ.ಎ. ಮುಗಿಯುವವರೆಗೂ ಹಾಜರಿ ಕೂಗಿದಾಗ ಕೈ ಮಾತ್ರ ಎತ್ತುತ್ತಿದ್ದ ನನಗೆ ಅಲ್ಲಿ ಮಾತ್ರ ದನಿ ಬರುತ್ತದೆ.

ನಮ್ಮೂರು ನಂದೊಳ್ಳಿಯಲ್ಲಿ ಬೆಳೆಗೆ ನುಗ್ಗುವ ಮಂಗ ಕಂಡವರು ಕೂಗಬೇಕು, ಕೇಳಿದವರು ಮುಂದಿನ ಮನೆಗೆ ಕೂಗಿ ದಾಟಿಸಬೇಕು. ಕಳೆದ ತಿಂಗಳು ನನ್ನ ಹಾಡನ್ನು ಆಚೆ ದಿಬ್ಬದ ದೇವಕ್ಕ ಮಂಗನ ಕೂಗೆಂದೇ ದಾಟಿಸಿಬಿಟ್ಟಳು. ಏಳು ಮನೆಯವರು ಊಟ ಬಿಟ್ಟು, ಪಟಾಕಿ, ಕವಣೆ ಹಿಡಿದು ಬಾಳೆಗದ್ದೆಗೆ ಓಡಿದರು. ಒಂದು ಮಂಗವೂ ಇಲ್ಲ. ಕೂಗಿನ ಜಾಡು ಹಿಡಿದು ಎಲ್ಲ ಸೇರಿ ನಮ್ಮ ಅಂಗಳಕ್ಕೆ ಬಂದರು.

"ಎಂತ ಮಾರಾಯ್ತಿ, ಡಿಗ್ರಿ ಓದಿದ್ದು ಇದ್ಕನೇ? ಮಂಗನೇ ವಾಸಿ, ಬಾಳೆಹಣ್ಣು ತಿಂದ್ಮೇಲಾದ್ರೂ ಸುಮ್ನಾಗ್ತದೆ!" ಎಂದಳು ದೇವಕ್ಕ. ಎಲ್ಲರೂ ನಕ್ಕರು.

"ನಾಳೆ ಹೆಣ್ಣು ನೋಡೂಕೆ ಬರೋರ ಕಿವಿಗೆ ಬಿದ್ರೆ ಎಂತ ಗತಿಯೇ?" ಎಂದು ಹೆತ್ತ ಅವ್ವಿಯೂ ನನ್ನನ್ನೇ ಗದರಿದಳು. ಸತೀಶಣ್ಣ ಕಂಬಕ್ಕೆ ಒರಗಿ ನೋಡುತ್ತ ನಿಂತಿದ್ದ.

ಆಮೇಲೆ ಅದೇ ಹಾಡನ್ನು ನೆಟ್ಟಿಗೆ ಹಾಕಿದ. ಪುಣೆಯ ಒಂದು ಪಂಕ್ ಗುಂಪಿನವರು ಮೆಚ್ಚಿ, ತಮ್ಮ ಸಂಗ್ರಹಕ್ಕೆ ಇನ್ನೊಂದು ಹಾಡು ಕೇಳಿದರು. ಮೊನ್ನೆ ತೆರೆದು ನೋಡಿದರೆ ಕೆಳಗೆ ಬರೆದಿತ್ತು: ಗಿಟಾರ್, ಗಾಯನ, ಸತೀಶ.

"ಇದೆಂತದು ಸತೀಶಣ್ಣ?"

"ನಿನ್ ಒಳ್ಳೇದಕ್ಕೇ ಹಾಕಿದ್ದು. ನಿನ್ ಹೆಸ್ರು ಕಂಡ್ರೆ ಊರೋರು ಬಿಡ್ತ್ರನೇ?"

"ಅಂಗಳದಲ್ಲಿ ಬೈಸ್ಕೊಳ್ಳೋವಾಗ ನನ್ ಒಳ್ಳೇದು ಎಲ್ಲೋಗಿತ್ತು?"

"ನೆಟ್ಟಲ್ಲಿ ಕೇಳ್ದೋರೆಲ್ಲ ಗಂಡಸ್ರ ದನಿ ಅಂದ್ಕಂಡಿದ್ರು. ಇರ್ಲಿ ಬಿಡೆ, ನಮ್ ಮನೆದೇ ಅಲ್ದನಾ?"

ಇರಲಿ ಬಿಡಬೇಕಂತೆ! ಎರಡು ದಿನ ಕೂತುಹೋಗಿ ಬಿಸಿನೀರು ಕುಡಿದ ಗಂಟಲು ಯಾರ ಮನೆಯದು?

ಇಂದು ಮಧ್ಯಾಹ್ನ ಪುಣೆಯವರ ಹಾಡಿಗೆಂದು ಅಟ್ಟ ಹತ್ತಿದೆವು. ಗಿಟಾರ್ ಅತಿ ಜೋರಾಗುವ ಕಡೆ, ಮೂಲದ ಮಾತು ಬಿಟ್ಟು, "ರಕ್ಷಿತಾ! ನಂದೊಳ್ಳಿ ರಕ್ಷಿತಾ!" ಎಂದು ನನ್ನ ಹೆಸರನ್ನೇ ಕೂಗಿದೆ.

ಅವನು ತಂತಿಯ ಮೇಲೆ ಕೈಯಿಟ್ಟು ನಿಲ್ಲಿಸಿದ. "ತಲೆಗಿಲೆ ಕೆಟ್ಟದ್ಯನೇ? ಮತ್ತೊಂದ್ಸಲ ಮಾಡ್ವ."

ಮತ್ತೆ ಮಾಡಿದೆವು. ಮತ್ತೆ ಅದನ್ನೇ ಕೂಗಿದೆ.

"ಅಷ್ಟು ಜಾಗ ಕತ್ತರಿಸಿ ಹಾಕ್ತೆ ನೋಡು."

"ಕತ್ರಿಸು. ಇರೂದು ಒಂದೇ ಮೊಬೈಲು, ಎರಡೂ ಒಟ್ಟಿಗೇ ರೆಕಾರ್ಡ್ ಆಗೂದು. ನನ್ ಹೆಸ್ರಿನ ಜೊತಿಗೆ ನಿನ್ ಗಿಟಾರೂ ಹೋಗ್ತದೆ."

ಸೇರಿಗೆ ಒರಗಿಸಿದ್ದ ಮೊಬೈಲಿನಲ್ಲಿ ನಾನೇ ಮತ್ತೆ ರೆಕಾರ್ಡಿಂಗ್ ಒತ್ತಿದೆ.

ಮೂರನೆಯ ಸಲ ಹೆಸರು ಕೂಗಿದಾಗ ಅವನು ನಿಲ್ಲಿಸಲಿಲ್ಲ. ತಲೆ ತಗ್ಗಿಸಿ ಕೊನೆಯವರೆಗೂ ಬಾರಿಸಿದ. ಅವನು ಗಿಟಾರ್ ಕೆಳಗಿಡುವ ಮೊದಲೇ ನಾನು ಮೊಬೈಲ್ ಎತ್ತಿಕೊಂಡು ಪುಣೆಗೆ ಕಳಿಸಿದೆ.